ಬೆರಳೊತ್ತುವ ಮುನ್ನ ಓದಿ ಹೇಳುವವರು ಬೇಕು: ಕರಾವಳಿಯ ಖತೀಬರಿಗೆ, ಉಸ್ತಾದರಿಗೆ ಬಹಿರಂಗ ಪತ್ರ

ಕರಾವಳಿಯ ಜಮಾಅತ್‌ಗಳ ಗೌರವಾನ್ವಿತ ಖತೀಬರೇ, ಪಳ್ಳಿ ದರ್ಸ್‌ಗಳಲ್ಲಿ ಫಿಕ್ಹ್, ಅಂದರೆ ಇಸ್ಲಾಮಿಕ್ ಕಾನೂನು, ಕಲಿಸುವ ಉಸ್ತಾದರೇ,



ನಾನು ಆಲಿಮ್ ಅಲ್ಲ. ಲೆಕ್ಕಪತ್ರ, ತೆರಿಗೆ, ಸಾಲದ ಕಾಗದ ನೋಡಿಕೊಡುವುದು ನನ್ನ ವೃತ್ತಿ. ಗಲ್ಫ್‌ನಿಂದ ರಜೆಗೆ ಬಂದವರು, ಮಕ್ಕಳ ಖಾತೆ ನೋಡಿಕೊಳ್ಳುವ ತಾಯಂದಿರು, ಅಂಗಡಿ ಇಟ್ಟಿರುವ ಹುಡುಗರು ನನ್ನ ಮೇಜಿನ ಮೇಲೆ ಫೋನು ಇಟ್ಟು ಕೇಳುವ ಪ್ರಶ್ನೆ ಒಂದೇ: ‘ಇದು ಹಲಾಲೋ?’ ಕಂತು ಎಷ್ಟು, ಶುಲ್ಕ ಎಷ್ಟು, ತಪ್ಪಿದರೆ ಏನಾಗುತ್ತದೆ ಎಂದು ನಾನು ಹೇಳಬಲ್ಲೆ. ಹಲಾಲೋ ಹರಾಮೋ ಎಂಬ ತೀರ್ಮಾನ ಹೇಳುವ ಅರ್ಹತೆ ನನಗಿಲ್ಲ, ಅದು ನಿಮಗಿದೆ. ಆದರೆ ಅವರು ಆ ಪ್ರಶ್ನೆಯನ್ನು ನಿಮ್ಮ ಬಳಿ ತರುವುದಿಲ್ಲ. ತಲಾಖ್, ಪಾಲು, ಝಕಾತ್, ಉಪವಾಸ ಎಂದರೆ ನಿಮ್ಮ ಬಾಗಿಲಿಗೆ ಬರುತ್ತಾರೆ. ಬ್ಯಾಂಕಿನ ಆ್ಯಪ್‌ನಲ್ಲಿ ಒಂದು ಒಪ್ಪಂದಕ್ಕೆ ಒಪ್ಪಿಗೆ ಕೊಡುವುದೂ ದೀನಿನ ವಿಷಯವೇ ಎಂದು ಅವರಿಗೆ ಯಾರೂ ಹೇಳಿಲ್ಲ. ಅದಕ್ಕಾಗಿ ಈ ಪತ್ರ.

ನೀವು ಕಲಿಸುವ ‘ಫತ್‌ಹುಲ್ ಮುಈನ್’ ಬರೆದ ಶೈಖ್ ಝೈನುದ್ದೀನ್ ಮಖ್ದೂಮರು 16ನೆಯ ಶತಮಾನದ ಪೊನ್ನಾನಿಯವರು. ಅದು ಬಂದರಿನ ಊರು, ಕರಿಮೆಣಸಿನ ವ್ಯಾಪಾರದ ಊರು. ಅಲ್ಲಿ ಕುಳಿತು ಮಾರಾಟದ, ಅಂದರೆ ಬೈಅ್‌ನ ಅಧ್ಯಾಯ ಬರೆದವರಿಗೆ ಕೊಡುವ ಕೊಳ್ಳುವ ವ್ಯವಹಾರ ಕಣ್ಣೆದುರಿನ ಸಂಗತಿಯಾಗಿತ್ತು. ಇವತ್ತು ದರ್ಸ್‌ನ ವಿದ್ಯಾರ್ಥಿಗಳಾದ ನಮ್ಮ ಮುತಅಲ್ಲಿಮರು ಅದೇ ಅಧ್ಯಾಯವನ್ನು ಶ್ರದ್ಧೆಯಿಂದ ಓದುತ್ತಾರೆ, ಇಜಾಬ್ ಮತ್ತು ಖಬೂಲ್‌ನ, ಅಂದರೆ ಪ್ರಸ್ತಾಪ ಮತ್ತು ಸ್ವೀಕಾರದ, ಷರತ್ತುಗಳನ್ನು ಬಾಯಿಪಾಠ ಹೇಳುತ್ತಾರೆ. ಹೊರಗೆ ಬಂದು ಜೇಬಿನಿಂದ ಫೋನು ತೆಗೆದು ಮೂರು ಒಪ್ಪಂದಗಳಿಗೆ ಮೂರು ನಿಮಿಷದಲ್ಲಿ ಒಪ್ಪಿಗೆ ಕೊಡುತ್ತಾರೆ. ಓದಿದ ಅಧ್ಯಾಯಕ್ಕೂ ಕೈಯಲ್ಲಿರುವ ಫೋನಿಗೂ ಸಂಬಂಧವಿದೆ ಎಂದು ಅವರಿಗೆ ಹೊಳೆಯುವುದಿಲ್ಲ.

ಪರದೆಯ ಮೇಲೆ ಬೆರಳೊತ್ತಿದರೆ ಅದು ಒಪ್ಪಂದವಾಗುತ್ತದೆಯೇ ಎಂದು ಈಗಲೂ ಕೆಲವರು ಕೇಳುತ್ತಾರೆ. ಈ ಪ್ರಶ್ನೆ ಹೆಚ್ಚುಕಡಿಮೆ ತೀರ್ಮಾನವಾಗಿದೆ, ಅದರ ಮೇಲೆ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ದೂರದಲ್ಲಿರುವ ಇಬ್ಬರು ಕೂಗಿ ಮಾತಾಡಿ ಮಾರಾಟ ಮಾಡಿದರೂ ಅದು ಸಿಂಧು ಎಂದು ಇಮಾಮ್ ನವವಿ 13ನೆಯ ಶತಮಾನದಲ್ಲೇ ಬರೆದರು. ಮಾತಿಲ್ಲದೆ ದುಡ್ಡು ಕೊಟ್ಟು ಸಾಮಾನು ಪಡೆಯುವ ಮುಆತಾತ್‌ನ ಬಗ್ಗೆ ನಾವು ಅನುಸರಿಸುವ ಶಾಫಿಈ ಮದ್‌ಹಬ್ (ಕಾನೂನು ಪಂಥ) ಬಿಗಿಯಾಗಿದ್ದರೂ, ಜನರ ರೂಢಿ ಯಾವುದನ್ನು ಮಾರಾಟ ಎನ್ನುತ್ತದೋ ಅದು ಮಾರಾಟವೇ ಎಂಬ ಅಭಿಪ್ರಾಯವನ್ನು ಅವರು ಆರಿಸಿಕೊಂಡರು. ಹನಫೀಗಳಲ್ಲಿ ಬರಹಕ್ಕೆ ಮಾತಿನ ಸ್ಥಾನ ಹಿಂದಿನಿಂದಲೂ ಇದೆ. 1869ರಿಂದ 1876ರ ನಡುವೆ ಉಸ್ಮಾನಿಯಾ (ಒಟ್ಟೋಮನ್) ಆಡಳಿತ ಹೊರತಂದ ‘ಮಜಲ್ಲ’ ಸಂಹಿತೆಯ 69ನೆಯ ಕಲಮು ಪತ್ರ ವ್ಯವಹಾರವನ್ನು ಎದುರುಬದುರು ಮಾತಿಗೆ ಸಮ ಎಂದಿತು. ಕೊನೆಗೆ 1990ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ತಂತಿ, ಟೆಲೆಕ್ಸ್, ಕಂಪ್ಯೂಟರ್ ಮೂಲಕ ಆಗುವ ಒಪ್ಪಂದಗಳು ಸಿಂಧು ಎಂದು ತೀರ್ಮಾನಿಸಿತು. ನಿಕಾಹ್, ಹಣ ಮತ್ತು ಚಿನ್ನದ ವಿನಿಮಯ, ಮುಂಗಡ ಕೊಟ್ಟು ಮುಂದೆ ಸರಕು ಪಡೆಯುವ ಸಲಮ್, ಈ ಮೂರನ್ನು ಅದರಿಂದ ಹೊರಗಿಟ್ಟಿತು. ಅದೇ ಸಭೆಯಲ್ಲಿ, ಬ್ಯಾಂಕ್ ಖಾತೆಗೆ ಹಣ ಜಮೆಯಾದರೆ ಅದನ್ನು ಕೈಗೆ ಬಂದಂತೆಯೇ ಎಣಿಸಬಹುದು ಎಂದೂ ಹೇಳಿತು. ದುಬೈಯಿಂದ ದಿರ್ಹಮ್ ಕಳುಹಿಸಿ ಪುತ್ತೂರಿನಲ್ಲಿ ರೂಪಾಯಿ ಪಡೆಯುವವರ ನೆಮ್ಮದಿಗೆ ಆಧಾರ ಈ ತೀರ್ಮಾನವೇ. ಇಷ್ಟಾದ ಮೇಲೆ ಬಹ್ರೇನಿನ ‘ಆಯೋಫಿ’ ಸಂಸ್ಥೆ ಇಸ್ಲಾಮಿಕ್ ಬ್ಯಾಂಕುಗಳಿಗೆ ರೂಪಿಸಿದ ಶರೀಅತ್ ಮಾನದಂಡಗಳಲ್ಲಿ 38ನೆಯದನ್ನು ಆನ್‌ಲೈನ್ ವ್ಯವಹಾರಗಳಿಗೇ ಮೀಸಲಿಟ್ಟಿತು.

ಹಾಗಾಗಿ ಬೆರಳು ಒತ್ತಿದ್ದು ಒಪ್ಪಂದವೇ. ನಿಮ್ಮ ಜಮಾಅತಿನ ಜನ ತಿಳಿಯಬೇಕಾದದ್ದು ಅದನ್ನೇ: ‘ಸುಮ್ಮನೆ ಒತ್ತಿದೆ’ ಎಂಬುದು ಅಲ್ಲಾಹನ ಮುಂದೆಯೂ ನ್ಯಾಯಾಲಯದ ಮುಂದೆಯೂ ನಿಲ್ಲುವ ಮಾತಲ್ಲ. ನನ್ನ ಆತಂಕವಿರುವುದು ಮುಂದಿನ ಪ್ರಶ್ನೆಯಲ್ಲಿ. ಏನಕ್ಕೆ ಒಪ್ಪಿದೆವು ಎಂದು ಒಪ್ಪಿದವನಿಗೆ ಗೊತ್ತೇ?

ಗಲ್ಫ್‌ನ ಇಸ್ಲಾಮಿಕ್ ಬ್ಯಾಂಕೊಂದರಲ್ಲಿ ಸಂಬಳದ ಖಾತೆ ಇರುವ ನಮ್ಮ ಹುಡುಗನಿಗೆ ತಂಗಿಯ ಮದುವೆಗೆ 50,000 ದಿರ್ಹಮ್ ಬೇಕು ಎಂದಿಟ್ಟುಕೊಳ್ಳಿ. ಆ್ಯಪ್ ತೆರೆದು ಮೊತ್ತ, ಅವಧಿ ನಮೂದಿಸುತ್ತಾನೆ. ಬ್ಯಾಂಕು ಅವನಿಗೆ ಸಾಲ ಕೊಟ್ಟು ಬಡ್ಡಿ ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಅದು ಒಂದು ಸರಕು ಕೊಳ್ಳುತ್ತದೆ. ಸಾಮಾನ್ಯವಾಗಿ ಅದು ಲೋಹ, ಕೆಲವೊಮ್ಮೆ ಷೇರು, ಮಲೇಷ್ಯಾದಲ್ಲಿ ತಾಳೆ ಎಣ್ಣೆ. ಆ ಸರಕನ್ನು ಲಾಭ ಸೇರಿಸಿ ಈ ಹುಡುಗನಿಗೆ ಕಂತಿನ ಮೇಲೆ ಮಾರುತ್ತದೆ. ಹುಡುಗನಿಗೆ ಲೋಹ ಬೇಡ, ನಗದು ಬೇಕು. ಅದಕ್ಕೆ ಅವನು ಅದೇ ಬ್ಯಾಂಕನ್ನೋ ಬ್ಯಾಂಕು ತೋರಿಸಿದ ಮಧ್ಯವರ್ತಿಯನ್ನೋ ತನ್ನ ವಕೀಲನನ್ನಾಗಿ, ಅಂದರೆ ತನ್ನ ಪರವಾಗಿ ವ್ಯವಹರಿಸುವವನನ್ನಾಗಿ, ನೇಮಿಸುತ್ತಾನೆ. ಆ ವಕೀಲ ಸರಕನ್ನು ಮೂರನೆಯವನಿಗೆ ನಗದಿಗೆ ಮಾರುತ್ತಾನೆ. ಹಣ ಹುಡುಗನ ಖಾತೆಗೆ ಬೀಳುತ್ತದೆ. ಇದು ಸಂಘಟಿತ ತವರ್ರುಕ್.

ಇಲ್ಲಿ ಕೊಳ್ಳುವ ವಾಗ್ದಾನವಿದೆ, ಲಾಭ ಸೇರಿಸಿ ಮಾರುವ ಮುರಾಬಹ ಮಾರಾಟವಿದೆ, ವಕಾಲತ್ ಇದೆ, ಮತ್ತೊಂದು ಮಾರಾಟವೂ ಇದೆ. ಒಂದೊಂದಕ್ಕೂ ಫಿಕ್ಹ್‌ನಲ್ಲಿ ಬೇರೆ ಬೇರೆ ಷರತ್ತು. ಹುಡುಗ ಕಂಡದ್ದು ಮಾತ್ರ ಕೆಳಗೆಳೆದು ದಾಟಿಸಿದ ಒಂದಿಷ್ಟು ಅಕ್ಷರ, ಸಂದೇಶದಲ್ಲಿ ಬಂದ ಒಟಿಪಿ ಮತ್ತು ಒಂದು ಹಸಿರು ಗುರುತು. ತಾನು ಕೆಲವು ನಿಮಿಷ ಲೋಹದ ಒಡೆಯನಾಗಿದ್ದೆ ಎಂದು ಅವನಿಗೆ ತಿಳಿದೇ ಇಲ್ಲ. ಕೇಳಿದರೆ ‘ಇಸ್ಲಾಮಿಕ್ ಲೋನ್ ತೆಗೆದೆ’ ಎನ್ನುತ್ತಾನೆ.

2009ರಲ್ಲಿ ಶಾರ್ಜಾದಲ್ಲಿ ಸೇರಿದ ಅದೇ ಫಿಕ್ಹ್ ಅಕಾಡೆಮಿ ಈ ಸಂಘಟಿತ ತವರ್ರುಕನ್ನು ಒಪ್ಪಲಿಲ್ಲ. ಮನುಷ್ಯ ತಾನಾಗಿ ಪೇಟೆಯಲ್ಲಿ ಸಾಲಕ್ಕೆ ಕೊಂಡು ಬೇರೊಬ್ಬನಿಗೆ ನಗದಿಗೆ ಮಾರಿಕೊಂಡರೆ ಅದು ಬೇರೆ ವಿಷಯ. ಬ್ಯಾಂಕೇ ಎಲ್ಲವನ್ನೂ ಮೊದಲೇ ಜೋಡಿಸಿಟ್ಟು ನಡೆಸಿದರೆ ಅದು ರಿಬಾದ, ಅಂದರೆ ಬಡ್ಡಿಯ, ದಾರಿಯಾಗುತ್ತದೆ ಎಂಬುದು ಅದರ ನಿಲುವು. ಆಯೋಫಿಯ 30ನೆಯ ಮಾನದಂಡ ಹಲವು ಷರತ್ತುಗಳೊಂದಿಗೆ ತವರ್ರುಕ್‌ಗೆ ಅವಕಾಶ ಇಟ್ಟಿದೆ. ಬ್ಯಾಂಕುಗಳ ಶರೀಅತ್ ಮಂಡಳಿಗಳು ಒಪ್ಪಿಗೆ ಕೊಡುತ್ತಲೇ ಬಂದಿವೆ. ಭಿನ್ನಾಭಿಪ್ರಾಯವಿದೆ, ಇರಲಿ. ಆದರೆ ಭಿನ್ನಾಭಿಪ್ರಾಯ ಇದೆ ಎಂಬ ಸಂಗತಿಯೇ ನಮ್ಮ ಜನರಿಗೆ ತಲುಪಿಲ್ಲ. ಅವರಿಗೆ ತಲುಪಿದ್ದು ಬ್ಯಾಂಕಿನ ಹೆಸರಿನಲ್ಲಿರುವ ‘ಇಸ್ಲಾಮಿಕ್’ ಎಂಬ ಮಾತು ಮಾತ್ರ.

ಇಂಥ ಮಾರಾಟಗಳ ಬಗ್ಗೆ ನಮ್ಮ ಶಾಫಿಈ ಮದ್‌ಹಬ್ ಸ್ವಲ್ಪ ಸಡಿಲ ಎಂದು ನಿಮ್ಮಲ್ಲಿ ಯಾರಾದರೂ ಹೇಳಬಹುದು. ಮಾರಿದ ವಸ್ತುವನ್ನು ಮಾರಿದವನೇ ಕಡಿಮೆ ಬೆಲೆಗೆ ವಾಪಸು ಕೊಳ್ಳುವ ‘ಈನಾ’ವನ್ನು ಕೂಡ ನಮ್ಮ ಹಳೆಯ ಇಮಾಮರು ಹೊರರೂಪ ಸರಿಯಿದ್ದರೆ ಸಿಂಧು ಎಂದಿದ್ದಾರೆ, ನಿಜ. ಆದರೆ ಆ ಸಡಿಲಿಕೆಯ ಜೊತೆಗೆ ಇನ್ನೊಂದು ಬಿಗಿಯೂ ಇದೆ. ನೀವೇ ಅದನ್ನು ಕಲಿಸುತ್ತೀರಿ. ಕೊಂಡ ವಸ್ತು ಸ್ವಾಧೀನಕ್ಕೆ ಬರುವ ಮೊದಲು ಮಾರುವಂತಿಲ್ಲ. ಆಹಾರ ಧಾನ್ಯಕ್ಕೆ ಮಾತ್ರವಲ್ಲ, ಯಾವ ವಸ್ತುವಿಗೂ ಇದು ನಮ್ಮ ಮದ್‌ಹಬ್‌ನ ನಿಯಮ. ಒಂದು ಮಾರಾಟ ಇನ್ನೊಂದಕ್ಕೆ ಷರತ್ತಾಗುವಂತಿಲ್ಲ. ಹಾಗಾದರೆ ಆ್ಯಪ್‌ನ ಒಳಗೆ ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ? ಬ್ಯಾಂಕು ಸರಕನ್ನು ಕೊಂಡ ದಾಖಲೆಯ ಸಮಯ ಎಷ್ಟು, ಹುಡುಗನಿಗೆ ಮಾರಿದ ಸಮಯ ಎಷ್ಟು? ಕೊಳ್ಳುವ ಮೊದಲೇ ಮಾರಿಬಿಟ್ಟಿತೇ? ತನ್ನ ಪಾಲಿನ ಲೋಹವನ್ನು ಮಾರದೆ ಇಟ್ಟುಕೊಳ್ಳುವ ಆಯ್ಕೆ ಹುಡುಗನಿಗೆ ನಿಜವಾಗಿ ಇತ್ತೇ? ಕಾಗದದ ಯುಗದಲ್ಲಿ ಗುಮಾಸ್ತನೊಬ್ಬ ತಾರೀಕು ಹಿಂದೆಮುಂದೆ ಬರೆದರೆ ಪತ್ತೆಹಚ್ಚುವುದು ಕಷ್ಟವಿತ್ತು. ಈಗ ಒಂದೊಂದು ಹೆಜ್ಜೆಗೂ ಗಂಟೆ, ನಿಮಿಷ, ಸೆಕೆಂಡಿನ ಮುದ್ರೆ ಬೀಳುತ್ತದೆ. ಗ್ರಾಹಕ ಆ ಸರಣಿಯ ದಾಖಲೆಗಳನ್ನು ಕೇಳಬೇಕು. ಕೇಳಬೇಕೆಂದು ಅವನಿಗೆ ಹೇಳುವವರು ಬೇಕು. ಆನ್‌ಲೈನ್ ವ್ಯವಸ್ಥೆ ಈ ವಿಷಯದಲ್ಲಿ ಶರೀಅತ್‌ಗೆ ನೆರವಾಗಬಲ್ಲದು. ನಾವು ಅದನ್ನು ಬಳಸಿಕೊಂಡಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಭಾಷೆ. ಕೊಲ್ಲಿ ದೇಶಗಳ ಬ್ಯಾಂಕ್ ಒಪ್ಪಂದ ಅರಬ್ಬಿಯಲ್ಲಿ, ಇಂಗ್ಲಿಷಿನಲ್ಲಿ ಇರುತ್ತದೆ. ವ್ಯಾಜ್ಯವಾದರೆ ಅಲ್ಲಿನ ನ್ಯಾಯಾಲಯ ಅರಬ್ಬಿ ಪಾಠವನ್ನೇ ಹಿಡಿಯುತ್ತದೆ. ನಮ್ಮ ಹುಡುಗ ಐದಾರು ವರ್ಷ ನಿಮ್ಮ ಮದ್ರಸದಲ್ಲಿ ಕುಳಿತು ಕುರ್‌ಆನ್ ಖತಂ ಮಾಡಿದವನು. ಆ ಒಪ್ಪಂದದ ಅರಬ್ಬಿ ಅಕ್ಷರಗಳನ್ನು ತಪ್ಪಿಲ್ಲದೆ ಗಟ್ಟಿಯಾಗಿ ಓದಬಲ್ಲ. ಅರ್ಥ ಮಾತ್ರ ಒಂದೂ ಆಗದು. ಮನೆಯಲ್ಲಿ ಬ್ಯಾರಿಯೋ ನವಾಯತಿಯೋ ಉರ್ದುವೋ ಆಡುತ್ತಾನೆ, ಪತ್ರಿಕೆ ಕನ್ನಡದಲ್ಲಿ ಓದುತ್ತಾನೆ. ಇಂಥವನು ‘ಓದಿ ಅರ್ಥಮಾಡಿಕೊಂಡಿದ್ದೇನೆ’ ಎಂಬ ಚೌಕದಲ್ಲಿ ಗುರುತು ಹಾಕುತ್ತಾನೆ. ಪರಸ್ಪರ ಸಮ್ಮತಿಯಿಲ್ಲದ ವ್ಯಾಪಾರ ಇನ್ನೊಬ್ಬರ ಸ್ವತ್ತನ್ನು ಅನ್ಯಾಯವಾಗಿ ತಿನ್ನುವುದಕ್ಕೆ ಸಮ ಎಂದು ಕುರ್‌ಆನಿನ ನಿಸಾ ಅಧ್ಯಾಯ ಎಚ್ಚರಿಸುತ್ತದೆ. ತಿಳಿಯದ ಮಾತಿಗೆ ಕೊಟ್ಟ ಗುರುತನ್ನು ಯಾವ ಬಗೆಯ ಸಮ್ಮತಿ ಎನ್ನಬೇಕು ಎಂಬುದನ್ನು ನೀವು ಹೇಳಬೇಕು.

ಬಕರ ಅಧ್ಯಾಯದ 282ನೆಯ ಆಯತ್ ನಿಮಗೆ ನಾನು ನೆನಪಿಸಬೇಕಾದದ್ದಲ್ಲ. ಕುರ್‌ಆನಿನ ಅತಿ ಉದ್ದದ ಆಯತ್ ಸಾಲದ ಒಪ್ಪಂದ ಬರೆದಿಡುವ ಬಗ್ಗೆ ಇದೆ. ಅದರಲ್ಲಿ ಒಂದು ಸೂಕ್ಷ್ಮವಿದೆ: ಬರೆಸುವವನು ಸಾಲ ತೀರಿಸಬೇಕಾದವನು. ಅವನು ದುರ್ಬಲನಾದರೆ, ಹೇಳಿ ಬರೆಸಲಾರದವನಾದರೆ, ಅವನ ಪರವಾದ ರಕ್ಷಕ ನ್ಯಾಯದಿಂದ ಬರೆಸಬೇಕು. ಹೊಣೆ ಯಾರ ಹೆಗಲಿಗೆ ಬೀಳುತ್ತದೋ ಮಾತು ಅವನ ಬಾಯಿಂದ ಬರಬೇಕು ಎಂಬ ವ್ಯವಸ್ಥೆ ಅದು. ಇವತ್ತಿನ ಆ್ಯಪ್‌ನಲ್ಲಿ ಬರೆಯುವವನು ಕೊಡುವವನೇ, ಬರೆಸುವವನೂ ಅವನೇ. ಪಡೆಯುವವನಿಗೆ ಉಳಿದದ್ದು ಒತ್ತುವ ಗುಂಡಿಯೊಂದೇ, ಒಂದು ಅಕ್ಷರ ಬದಲಿಸುವ ಹಕ್ಕೂ ಅವನಿಗಿಲ್ಲ. ಹೀಗೆ ಒಂದೇ ಪಕ್ಷ ಷರತ್ತು ಹಾಕಿ ಇನ್ನೊಂದು ಪಕ್ಷ ಒಪ್ಪಿಕೊಳ್ಳಲೇಬೇಕಾದ ಒಪ್ಪಂದಗಳನ್ನು 2003ರಲ್ಲಿ ದೋಹಾದಲ್ಲಿ ಫಿಕ್ಹ್ ಅಕಾಡೆಮಿ ಪ್ರತ್ಯೇಕವಾಗಿ ಚರ್ಚಿಸಿತು. ಅವು ಜನರ ಮೇಲೆ ಅನ್ಯಾಯವಾಗದಂತೆ ಆಡಳಿತ ಮೊದಲೇ ಪರಿಶೀಲಿಸಬೇಕು ಎಂದಿತು. ಆಡಳಿತ ತನ್ನ ಕೆಲಸ ಮಾಡಲಿ. ಆದರೆ ಹೇಳಿ ಬರೆಸಲಾರದವನ ಪರವಾಗಿ ನಿಲ್ಲುವವರು ಯಾರು ಎಂದು ಕೇಳಿದರೆ, ನನ್ನ ಕಣ್ಣು ಹೋಗುವುದು ಅವನ ಮಸೀದಿಯ ಕಡೆಗೆ.

ಊರಿನ ಕಡೆಯ ಒಂದು ಸಂಗತಿ. ಮಗ ಗಲ್ಫ್‌ನಲ್ಲಿ, ಖಾತೆ ತಾಯಿಯ ಹೆಸರಿನಲ್ಲಿ, ಒಟಿಪಿ ತಾಯಿಯ ಫೋನಿಗೆ. ಅವರು ಅಂಕಿ ಓದಿ ಹೇಳುತ್ತಾರೆ, ಮಗ ಅಲ್ಲಿಂದ ಒಪ್ಪಿಗೆ ಕೊಡುತ್ತಾನೆ. ಗಂಡ ಹೆಂಡತಿಯ ನಡುವೆಯೂ ಹೀಗೆಯೇ. ಹಾಗೆ ಆದ ಠೇವಣಿ, ಆದ ಸಾಲ, ಆದ ವಿಮೆ ಯಾರದು? ವಕಾಲತ್ ಕೊಡದೆ ಇನ್ನೊಬ್ಬರ ಪರವಾಗಿ ವ್ಯವಹಾರ ಮಾಡಿದವನನ್ನು ಫಿಕ್ಹ್ ಫುಝೂಲಿ ಎನ್ನುತ್ತದೆ. ಹನಫೀಗಳ ಪ್ರಕಾರ ಆ ವ್ಯವಹಾರ ಒಡೆಯ ಒಪ್ಪುವವರೆಗೆ ತೂಗಾಡುತ್ತಿರುತ್ತದೆ. ನಮ್ಮ ಮದ್‌ಹಬ್‌ನ ಪ್ರಬಲ ಅಭಿಪ್ರಾಯದಲ್ಲಿ ಅದು ಅಸಿಂಧು. ಬ್ಯಾಂಕಿನ ದೃಷ್ಟಿಯಲ್ಲೋ, ಖಾತೆ ಯಾರ ಹೆಸರಿನಲ್ಲಿದೆಯೋ ಹೊಣೆ ಅವರದು. ತಾಯಿಗೆ ವಿಷಯ ವಿವರಿಸಿ ‘ನಿನ್ನ ಪರವಾಗಿ ಮಾಡಲೇ?’ ಎಂದು ಕೇಳುವುದಕ್ಕೆ ಒಂದು ನಿಮಿಷ ಸಾಕು. ವಕಾಲತ್ ಎಂದರೆ ಅಷ್ಟೇ ಎಂದು ಜುಮಾದಲ್ಲಿ ಒಮ್ಮೆ ಹೇಳಿದರೆ ಎಷ್ಟೋ ಮನೆಗಳಲ್ಲಿ ಮುಂದಿನ ಪಾಲಿನ ಜಗಳ ತಪ್ಪುತ್ತದೆ.

ಭಾರತದಲ್ಲಿ ಇಸ್ಲಾಮಿಕ್ ಬ್ಯಾಂಕಿಲ್ಲ. 2008ರಲ್ಲಿ ರಘುರಾಂ ರಾಜನ್ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಶಿಫಾರಸು ಮಾಡಿದ್ದರೂ, ಆ ಪ್ರಸ್ತಾವವನ್ನು ಮುಂದುವರಿಸುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು. ಹಾಗಾಗಿ ಇಲ್ಲಿ ನಮ್ಮವರು ಒತ್ತುವ ಗುಂಡಿಗಳು ಬೇರೆ: ಕ್ರೆಡಿಟ್ ಕಾರ್ಡು, ‘ಈಗ ಕೊಳ್ಳಿ, ಆಮೇಲೆ ಕೊಡಿ’, ಆ್ಯಪ್ ಸಾಲ. ಗಡುವಿನೊಳಗೆ ಕಟ್ಟಿಬಿಟ್ಟರೆ ಬಡ್ಡಿ ಇಲ್ಲವಲ್ಲ ಎಂಬುದು ಎಲ್ಲರ ಸಮಾಧಾನ. 2000ದಲ್ಲಿ ರಿಯಾದ್‌ನಲ್ಲಿ ಫಿಕ್ಹ್ ಅಕಾಡೆಮಿ ಹೇಳಿದ್ದು ಇದಕ್ಕೆ ವಿರುದ್ಧ. ಬಡ್ಡಿಯ ಷರತ್ತು ಒಪ್ಪಂದದಲ್ಲೇ ಇದ್ದರೆ, ಗಡುವಿನೊಳಗೆ ಕಟ್ಟುವ ಉದ್ದೇಶವಿದ್ದರೂ ಅಂಥ ಕಾರ್ಡು ಪಡೆಯುವಂತಿಲ್ಲ, ಏಕೆಂದರೆ ಸಹಿ ಹಾಕಿದಾಗಲೇ ರಿಬಾದ ಷರತ್ತಿಗೆ ಒಪ್ಪಿದಂತಾಯಿತು. ಇದನ್ನು ಒಪ್ಪದ, ಅನಿವಾರ್ಯತೆಯ ಆಧಾರದ ಮೇಲೆ ರಿಯಾಯಿತಿ ಕೊಡುವ ಆಲಿಮರೂ ಇದ್ದಾರೆ. ನೀವು ಯಾವ ಕಡೆ ಎಂದು ಸ್ಪಷ್ಟವಾಗಿ ಹೇಳಿ. ನಿಮ್ಮ ಮೌನವನ್ನು ಜನ ಅನುಮತಿ ಎಂದೇ ತಿಳಿದಿದ್ದಾರೆ.

ಮೌನದ ಬೆಲೆ ನಮಗೆ ಗೊತ್ತಿದೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಹೂಡಿಕೆ ಸಂಸ್ಥೆ ಐಎಂಎ ಬಾಗಿಲು ಮುಚ್ಚಿದಾಗ ಬೀದಿಗೆ ಬಂದವರಲ್ಲಿ ವಿಧವೆಯರಿದ್ದರು, ಮಗಳ ಮದುವೆಗೆ ಹಣ ಕೂಡಿಸಿದವರಿದ್ದರು. ಸುಮಾರು 4,000 ಕೋಟಿ ರೂಪಾಯಿಯ ವಂಚನೆ ಎಂಬ ಆರೋಪ ಅದರ ಮೇಲೆ ಬಂತು. ಜನ ಅಲ್ಲಿ ಹಣ ಇಟ್ಟದ್ದು ದುರಾಸೆಯಿಂದ ಮಾತ್ರವಲ್ಲ, ಬಡ್ಡಿ ಬೇಡ ಎಂಬ ಭಯಭಕ್ತಿಯಿಂದ. ಕಾಗದದಲ್ಲಿ ಅವರು ಪಾಲುದಾರರು. ಪಾಲುದಾರನಿಗೆ ನಷ್ಟದಲ್ಲೂ ಪಾಲಿದೆ, ಬಂಡವಾಳಕ್ಕೂ ಲಾಭಕ್ಕೂ ಭರವಸೆ ಕೊಟ್ಟ ಮುಶಾರಕ ಮುಶಾರಕವೇ ಅಲ್ಲ ಎಂಬುದು ನಿಮ್ಮ ಎರಡನೆಯ ವರ್ಷದ ಮುತಅಲ್ಲಿಮನಿಗೂ ಗೊತ್ತು. ಆ ಒಂದು ವಾಕ್ಯ ಅವರ ಕಿವಿಗೆ ಸಕಾಲದಲ್ಲಿ ಬಿದ್ದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು ಎಂದು ನಾನು ನಂಬುತ್ತೇನೆ. ಈಗ ಅಂಥ ಯೋಜನೆಗಳಿಗೆ ಕಚೇರಿಯೂ ಬೇಕಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೊಂಡಿ ಸಾಕು.

ಖಿಯಾರ್‌ನ ಬಗ್ಗೆಯೂ ಹೇಳಬೇಕು, ಏಕೆಂದರೆ ನಮ್ಮ ಮದ್‌ಹಬ್ ಕೊಟ್ಟ ಉತ್ತಮ ಕೊಡುಗೆಗಳಲ್ಲಿ ಅದೊಂದು ಎಂದು ನಾನು ತಿಳಿದಿದ್ದೇನೆ. ಮಾತು ಮುಗಿದರೂ ಇಬ್ಬರೂ ಸ್ಥಳ ಬಿಟ್ಟು ಅಗಲುವವರೆಗೆ ವ್ಯವಹಾರದಿಂದ ಹಿಂದೆ ಸರಿಯುವ ಹಕ್ಕನ್ನು ಶಾಫಿಈಗಳು, ಹಂಬಲೀಗಳು ಎತ್ತಿಹಿಡಿದರು. ಹನಫೀಗಳು, ಮಾಲಿಕೀಗಳು ಒಪ್ಪಲಿಲ್ಲ. ಷರತ್ತು ಹಾಕಿಕೊಂಡರೆ ಮೂರು ದಿನದವರೆಗೆ ಯೋಚಿಸುವ ಅವಕಾಶವೂ ನಮ್ಮಲ್ಲಿದೆ. ಆ್ಯಪ್ ಮುಚ್ಚಿದೊಡನೆ ಮಜ್ಲಿಸ್, ಅಂದರೆ ವ್ಯವಹಾರದ ಕೂಟ, ಮುಗಿಯಿತೇ, ಫೋನು ಕೈಯಲ್ಲೇ ಇರುವವರೆಗೂ ಇದೆಯೇ ಎಂಬುದು ನಿಮ್ಮಂಥವರು ಕುಳಿತು ಚರ್ಚಿಸಬೇಕಾದ ಮಸ್‌ಅಲ. ಅಷ್ಟರಲ್ಲಿ ಸರಕಾರಿ ನಿಯಮಗಳೇ ಅದೇ ದಿಕ್ಕಿನಲ್ಲಿ ನಡೆದಿವೆ. ಯುಎಇಯ ಕೇಂದ್ರ ಬ್ಯಾಂಕ್ ಗ್ರಾಹಕರಿಗೆ ಸಹಿಯ ನಂತರ ಐದು ಕೆಲಸದ ದಿನಗಳ ಮರುಚಿಂತನೆಯ ಅವಧಿ ಇಟ್ಟಿದೆ, ಗ್ರಾಹಕ ಬೇಕಾದರೆ ಆ ಹಕ್ಕನ್ನು ಬಿಟ್ಟುಕೊಡಬಹುದು. ಹಾಗೆ ಬಿಟ್ಟುಕೊಟ್ಟೆ ಎಂಬ ಸಾಲು ಓದದೆ ದಾಟಿಸಿದ ಪುಟದಲ್ಲೇ ಇದ್ದೀತು, ಎಚ್ಚರ ಬೇಕು. ನಮ್ಮ ರಿಸರ್ವ್ ಬ್ಯಾಂಕ್ 2022ರಲ್ಲಿ ಡಿಜಿಟಲ್ ಸಾಲದಿಂದ ದಂಡವಿಲ್ಲದೆ ಹೊರಬರುವ ಅವಧಿಯನ್ನು ನಿಯಮದಲ್ಲಿ ಸೇರಿಸಿತು. 2024ರಲ್ಲಿ ಸಾಲದ ಮುಖ್ಯ ಸಂಗತಿಗಳ ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕೆಂದು ಆದೇಶಿಸಿತು. ಅಂದರೆ ಕನ್ನಡದಲ್ಲಿ ಕೊಡಿ ಎಂದು ಕೇಳುವ ಹಕ್ಕು ಇವತ್ತು ಪ್ರತಿಯೊಬ್ಬನಿಗೂ ಇದೆ. ಕೇಳುವವರನ್ನು ನಾನು ತುಂಬ ಕಡಿಮೆ ಕಂಡಿದ್ದೇನೆ.

ಉಸ್ತಾದರೇ, ಆಧುನಿಕ ಬ್ಯಾಂಕಿಂಗ್ ನಮಗೆ ಗೊತ್ತಿಲ್ಲದ ವಿಷಯ ಎಂದು ದಯವಿಟ್ಟು ಹೇಳಬೇಡಿ. ಇಜಾಬ್, ಖಬೂಲ್, ಖಬ್ಝ್ (ಸ್ವಾಧೀನ), ಖಿಯಾರ್, ವಕಾಲತ್, ಗರರ್ (ಅನಿಶ್ಚಿತತೆ), ರಿಬಾ, ಇವು ನಿಮಗೆ ಅಂಗೈ ಗೆರೆಯಷ್ಟು ಪರಿಚಯ. ಗೊತ್ತಿಲ್ಲದಿರುವುದು ಆ್ಯಪ್‌ನ ಪುಟಗಳು ಮಾತ್ರ, ಅವನ್ನು ತೋರಿಸಿಕೊಡುವುದು ಕಷ್ಟವಲ್ಲ. ಶವ್ವಾಲ್‌ನಲ್ಲಿ ದರ್ಸ್ ಮತ್ತೆ ಆರಂಭವಾದಾಗ, ಬೈಅ್‌ನ ಅಧ್ಯಾಯ ತೆರೆಯುವ ದಿನ ಕಿತಾಬಿನ ಪಕ್ಕದಲ್ಲಿ ಒಂದು ಬ್ಯಾಂಕ್ ಒಪ್ಪಂದವನ್ನೂ ಇಡಿ. ಒಂದೊಂದು ಷರತ್ತನ್ನು ಒಂದೊಂದು ಪುಟಕ್ಕೆ ಹಚ್ಚಿ ನೋಡಲು ಮುತಅಲ್ಲಿಮರಿಗೆ ಹೇಳಿ. ಜಮಾಅತಿನ ಕಚೇರಿಯಲ್ಲಿ ತಿಂಗಳಿಗೊಂದು ಸಂಜೆ, ಸಾಲ ಮಾಡುವ ಮೊದಲು ಜನ ತಮ್ಮ ಫೋನು ತಂದು ತೋರಿಸುವಂತಾಗಲಿ. ಹೆಂಗಸರಿಗೆ ಬೇರೆ ಸಮಯ ಇಡಿ, ಖಾತೆಗಳು ಈಗ ಅವರ ಹೆಸರಿನಲ್ಲೂ ಇವೆ. ಗಲ್ಫ್‌ನಲ್ಲಿರುವ ಜಮಾಅತ್ ಘಟಕಗಳು ಅಲ್ಲಿನ ಒಪ್ಪಂದಗಳ ಪ್ರತಿ ಕಳುಹಿಸಲಿ. ನಿಮ್ಮಲ್ಲಿ ಅಭಿಪ್ರಾಯ ಭೇದ ಬಂದರೆ ಬರಲಿ, ಎರಡನ್ನೂ ಕನ್ನಡದಲ್ಲಿ ಬರೆದು ಮಸೀದಿಯ ಫಲಕಕ್ಕೆ ಹಚ್ಚಿ.

ಕಾಗದ ಓದಿ, ಅಂಕಿ ಬಿಡಿಸಿ, ಕನ್ನಡದಲ್ಲಿ ಹೇಳಿಕೊಡುವ ಕೆಲಸಕ್ಕೆ ನನ್ನಂಥ ಲೆಕ್ಕಿಗರನ್ನು, ವಕೀಲರನ್ನು, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರನ್ನು ಕರೆಯಿರಿ, ನಾವು ಬರುತ್ತೇವೆ. ಹುಕುಂ ಹೇಳಬೇಕಾದವರು ನೀವು.


ನಿಮ್ಮ ಜಮಾಅತಿನವನೇ ಆದ ಒಬ್ಬ ಲೆಕ್ಕಿಗ